ಶಂಭುಲಿಂಗಪ್ಪ ಮುಂದ, ನಾ ಹಿಂದ

ಶಂಭುಲಿಂಗಪ್ಪನ ಜೊತೆ ನಾನು ಮೊದಲು ಮಾತಾಡಿದ ದಿನ ಎದುರುಮನೆ ಜಮೀಲಾಬಿಯ ಆಡು ನನ್ನ ಸಂಡಿಗೆ ತಿನ್ನುತ್ತಿತ್ತು. ಅಂವ ಊರಿನವನೇ, ದೂರದಿಂದ ಎಷ್ಟೋ ಸಲ ನೋಡಿದ್ದೆ. ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದು ಅವತ್ತೇ.

ಅಣ್ಣಿಗೇರಿಯ ಅಗಸಿ, ಅಂದರೆ ಊರಬಾಗಿಲು, ದಾಟಿ ಅಮೃತೇಶ್ವರನ ಗುಡಿಗೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಕಟ್ಟಿಯ ಮೇಲೆ ಹಳೇ ಸೀರೆ ಹಾಸಿ, ಸಂಡಿಗೆ ಒಣಹಾಕಿ, ಬಡಿಗೆ ಹಿಡಿದು ಕಾಯುತ್ತ ಕುಂತಿದ್ದೆ. ಕಾಯುತ್ತ ಕುಂತವಳು ತೂಕಡಿಸಿದೆ. ನಾನು ಕಾಯುವ ಪದ್ಧತಿಯೇ ಅದು. ಕಣ್ಣು ಬಿಟ್ಟಾಗ ಆಡು ಅರ್ಧ ಸೀರೆಯ ಸಂಡಿಗೆ ಮುಗಿಸಿತ್ತು.

"ಹೈ! ನಿನ್ನ ಹೊಟ್ಟಿ ಒಡಿಯಲಿ! ಜಮೀಲಾಬೀ, ನಿನ್ನ ಆಡಿಗೆ ಸಂಡಿಗಿ ಕರದ ಕೊಡ್ಲೋ ಹಸೀವ ಸಾಕೋ?" ಎಂದು ಕೂಗಿದೆ.

ನನ್ನ ದನಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದು ನನ್ನ ತವರು ಯರಗುಪ್ಪಿಯ ಎರೆಹೊಲದಲ್ಲಿ ಬೆಳೆದದ್ದು. ಅಲ್ಲಿ ಗುಡ್ಡವಿಲ್ಲ, ಗಿಡ ಹೆಚ್ಚಿಲ್ಲ, ಕೂಗಿದ್ದನ್ನು ತಡೆಯುವಂಥದ್ದು ಏನೂ ಇಲ್ಲ. ಅಪ್ಪ ಆ ದಂಡೆಯಲ್ಲಿ ಕುರಿ ಬಿಟ್ಟುಕೊಂಡು ನಿಂತರೆ ಈ ದಂಡೆಯಿಂದ ನಾನು ಊಟಕ್ಕೆ ಕರೆಯುತ್ತಿದ್ದೆ. ಈಗ ಮೊಣಕಾಲು ಹೋದವು, ಹಲ್ಲು ಹೋದವು. ದನಿಗೆ ಮಾತ್ರ ಮುದುಕಿಯಾದ ಸುದ್ದಿ ಯಾರೂ ಮುಟ್ಟಿಸಿಲ್ಲ.

ಆಡು ಓಡಿತು. ಅದು ಓಡಿದ ಕಡೆಯಿಂದಲೇ ಹತ್ತಿಪ್ಪತ್ತು ಮಂದಿಯ ಗುಂಪು ಬಂತು. ಹುಬ್ಬಳ್ಳಿ ಕಡೆಯವರು, ಹೆಗಲಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ. ಅವರ ಮುಂದೆ ಶಂಭುಲಿಂಗಪ್ಪ, ಮುಖ ಗುಂಪಿನ ಕಡೆ ಮಾಡಿ, ಹಿಂದ ಹಿಂದಕ್ಕೆ ನಡೆಯುತ್ತ ಊರು ತೋರಿಸುತ್ತಿದ್ದ. ಬಾಯಿ ಆಡುತ್ತಿತ್ತು, ದನಿ ಮಾತ್ರ ಹರಿದ ಕೌದಿಯ ಹಾಗೆ ಅಲ್ಲಲ್ಲಿ ಇತ್ತು, ಅಲ್ಲಲ್ಲಿ ಇರಲಿಲ್ಲ.

ಹಿಂದಿದ್ದ ಹೆಣ್ಣುಮಗಳೊಬ್ಬಳು "ಏನಂದ್ರು? ಏನಂದ್ರು?" ಎಂದು ಬಾಜು ಇದ್ದವರನ್ನು ಕೇಳಿದಳು. ಅವರಿಗೂ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ಕೇಳಿದವರಿಗೆ ಹೇಳದೆ ಇರುವುದು ನನ್ನ ಕೈಯಿಂದ ಆಗುವ ಮಾತಲ್ಲ.

"ಈ ಓಣಿ ಹಿಂದಕ ರಾಜಬೀದಿ ಇತ್ತ್ರಿ! ಆನಿ ಅಡ್ಡಾಡತಿದ್ವಂತ!" ಎಂದು ಕಟ್ಟಿಯ ಮೇಲಿಂದಲೇ ಕೂಗಿದೆ.

ಇಡೀ ಗುಂಪು ನನ್ನ ಕಡೆ ತಿರುಗಿತು. ಶಂಭುಲಿಂಗಪ್ಪ ಒಬ್ಬನೇ ಆ ಕಡೆ ಉಳಿದ. ಕಣ್ಣು ಕೆಕ್ಕರಿಸಿ ನೋಡಿ ಮುಂದೆ ನಡೆದ. ಬಂದವರನ್ನು ಬಸ್ಸಿಗೆ ಹತ್ತಿಸಿ, ನೆಟ್ಟಗೆ ನಮ್ಮ ಕಟ್ಟಿಗೆ ಬಂದ.

"ಏನಬೇ ಯಕ್ಕಾ, ನನ್ನ ಮಾತ ನೀ ಯಾಕ ಕೂಗಿದಿ?"

"ಅವರು ಕೇಳಿದ್ರು, ಹೇಳಿದೆ."

ಅಂವ ಸಂಡಿಗೆಯ ಕಡೆ ನೋಡಿದ. ಒಂದು ಹಸಿ ಸಂಡಿಗೆ ಬಾಯಿಗೆ ಹಾಕಿಕೊಂಡ. ಆಡಿಗೂ ಅವನಿಗೂ ಅಂಥ ಫರಕು ಕಾಣಲಿಲ್ಲ ನನಗೆ.

"ಮುಂದಿನ ಐತವಾರ ಬಾ ಹಂಗಾರ," ಅಂದ.

"ಎಲ್ಲಿಗೆ?"

"ನನ್ನ ಹಿಂದ. ನಾ ಹೇಳತೀನಿ, ನೀ ಕೂಗು."

ಎದುರು ಬಾಗಿಲಲ್ಲಿ ಜಮೀಲಾಬಿ ಆಡಿನ ಬಾಯಿ ಒರೆಸುತ್ತಿದ್ದಳು. "ಹೋಗಬೇ ಕೆಂಚವ್ವಕ್ಕಾ," ಅಂದಳು. "ಕಟ್ಟಿ ಕಾಯೂದಂತೂ ನಿನ್ನ ಕಡಿಂದ ಆಗೂದಿಲ್ಲ. ಊರರೆ ಕಾಯಿ."

ಶಂಭುಲಿಂಗಪ್ಪ ಹುಟ್ಟಿನಿಂದ ಊರು ತೋರಿಸುವವನಲ್ಲ. ಅವರಪ್ಪನೂ ಅವನೂ ದಲಾಲಿ ಅಂಗಡಿಯಲ್ಲಿ ಹರಾಜಿನ ಸವಾಲು ಕೂಗುವವರು. ರಾಶಿ ರಾಶಿ ಕೆಂಪು ಮೆಣಸಿನಕಾಯಿ, ಸುತ್ತ ಖರೀದಿದಾರರು, ನಡುವೆ ಇಂವ. ಬೊಗಸೆ ತುಂಬಾ ಕಾಯಿ ಎತ್ತಿ ಬಿಸಿಲಿಗೆ ಹಿಡಿದು, "ಬಣ್ಣಾ ನೋಡ್ರಿ ಸಾವಕಾರ್ರ, ಬಣ್ಣಾ! ಇಂಥಾ ಮಾಲು ಮತ್ತ ಬರೂದಿಲ್ಲ! ಒಂದ ಸಲ... ಎರಡ ಸಲ... ಮೂರ ಸಲ!" ಅಂದರೆ ರಾಶಿ ಹೋದಂತೆ. ಆಮೇಲೆ ಖರೀದಿದಾರರು ಕಂಪ್ಯೂಟರಿನಲ್ಲೇ ದರ ಹಾಕತೊಡಗಿದರು. ಕೂಗುವವನು ಯಾರಿಗೂ ಬೇಡವಾದ. ಮನೆಗೆ ಬಂದು ಕುಂತ. ಮನೆ ಅವನ ದನಿಗೆ ಸಾಲಲಿಲ್ಲ. ಅವನ ಹೆಂಡತಿ ಅನ್ನಪೂರ್ಣಾ ನನ್ನ ಮುಂದೆ ಹೇಳಿದ್ದಾಳೆ: "ಉಪ್ಪು ಕೊಡು ಅನ್ನೂದನ್ನೂ ಸವಾಲ್ ಕೂಗಿದಂಗ ಕೂಗತಿದ್ರು ಯಕ್ಕಾ. ಆಜುಬಾಜು ಮನಿಯವರು ಉಪ್ಪು ತಂದು ಕೊಟ್ಟು ಹೋಗತಿದ್ರು."

ಒಂದು ದಿನ ಅಂವ ಗುಡಿಯ ಮೆಟ್ಟಿಲ ಮೇಲೆ ಸುಮ್ಮನೆ ಕುಂತಾಗ ಪರಊರಿನವರು ಬಂದರಂತೆ. ಕರೀ ಕಲ್ಲಿನ ಕಂಬಗಳನ್ನು ಒಂದು ಸುತ್ತು ನೋಡಿ, ಫೋಟೋ ತೆಗೆದುಕೊಂಡು, ಚಾದ ಅಂಗಡಿ ಎಲ್ಲಿದೆ ಎಂದು ಕೇಳಿ ಹೊರಟರಂತೆ. ಇವನಿಗೆ ಕುಂತಲ್ಲಿ ಕೂಡಲಾಗಲಿಲ್ಲ. "ಇಂಥಾ ಮಾಲು ಬಿದ್ದೈತಿ, ಕೂಗವರಿಲ್ಲಲ್ಲ!" ಎಂದು ಎದ್ದು ಅವರನ್ನು ನಿಲ್ಲಿಸಿದನಂತೆ. ಅವತ್ತಿನಿಂದ ಸುರುವಾದದ್ದು. ಯಾರಿಂದಲೂ ಏನೂ ಬೇಡ ಅವನಿಗೆ. ಕಡೆಗೆ ಚಾ ಕುಡಿಯುವಾಗ ಬಂದವರು, ಇನ್ನೊಂದು ಸಲ ಬರುತ್ತೇವೆ ಎಂದರೆ ಅಷ್ಟೇ ಸಾಕು.

ಕಲಿತದ್ದು ಹೇಗೆ ಅಂದರೆ, ಶಾಸನ ಓದುವ ಸಾಹೇಬರು ಬಂದಾಗಲೆಲ್ಲ ಅವರಿಗೆ ಕೊಡೆ ಹಿಡಿದು. ಬಿಸಿಲಲ್ಲಿ ಒಂದೊಂದು ಕಲ್ಲಿಗೆ ಅರ್ಧ ದಿನ. ಕೇಳಿದ್ದನ್ನೆಲ್ಲ ಮೆಣಸಿನಕಾಯಿಯ ಹಾಗೆ ಮೂರು ಕುಪ್ಪೆ ಮಾಡಿಕೊಂಡಿದ್ದ. ಕಲ್ಲಿನ ಮೇಲೆ ಕೊರೆದದ್ದು ಒಂದನೇ ನಂಬರ ಮಾಲು. ಹಿರಿಯರ ಬಾಯಿಂದ ಬಂದದ್ದು ಎರಡನೇ ನಂಬರ. ಕೇಳಲಿಕ್ಕೆ ಚಂದ, ಕೈಯಲ್ಲಿ ಹಿಡಿದರೆ ಏನೂ ಇಲ್ಲ ಅಂಥದ್ದು ತೂರಿದರೆ ಹಾರುವ ಹೊಟ್ಟು. ಬಂದವರಿಗೆ ಇದು ಯಾವ ನಂಬರು ಎಂದು ಹೇಳಿಯೇ ಹೇಳುತ್ತಿದ್ದ. ಬೆಳ್ವೊಲ ಮುನ್ನೂರು ಎಂಬ ಹಳೇ ನಾಡಿಗೆ ಈ ಊರು ದೊಡ್ಡದು, ಚಾಲುಕ್ಯರು ಕಡೆಗಾಲದಲ್ಲಿ ಇಲ್ಲಿಂದ ಆಳಿದರು ಅನ್ನುವುದು ಒಂದನೇ ನಂಬರು. ನಾನು ಕೂಗಿದ ಆನೆ, ಪಾಪ, ಹೊಟ್ಟಿನಲ್ಲಿತ್ತು.

ಐತವಾರ ಹೊಸ ಕುಪ್ಪಸ ತೊಟ್ಟು ಹೋದೆ. ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲಿಕ್ಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಮೊದಲೇ ಹೇಳಬೇಕಾಗಿತ್ತು, ನಾನು ಹಿಂದ ಹಾಡುವಾಕಿ. ನಮ್ಮ ಕಡೆ ಮದುವೆಯಲ್ಲಿ ಸೋಬಾನೆ ಹಾಡುವಾಗ ಮುಂದ ಒಬ್ಬಾಕಿ ಸಾಲು ಹಿಡಿಯುತ್ತಾಳೆ, ಹಿಂದಿನವರು ಅದನ್ನೇ ಎರಡೆರಡು ಸಲ ಹೇಳುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಹಿಂದಿನ ಸಾಲಿನಲ್ಲೇ. ಹಿಂದಿನ ಸಾಲಿಗೆ ಒಂದು ಸುಖವಿದೆ: ಪದ ತಪ್ಪಿದರೆ ಮಾನ ಹೋಗುವುದು ಮುಂದಿನಾಕಿಯದು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮದುವೆ ಹಂದರದೊಳಗೆ ಹೋಗಿ ಕುಂಡ್ರುವುದು ಬಿಟ್ಟೆ. ಆ ದನಿ ಅಂದಿನಿಂದ ಆಡು, ಎಮ್ಮೆ, ಕಾಗೆಗಳ ಪಾಲಿಗೆ ಬಂತು.

ಅಗಸಿಯಲ್ಲಿ ಗುಂಪು ನಿಂತಿತು. ಶಂಭುಲಿಂಗಪ್ಪ ಮೆಲ್ಲಗೆ, "ಇದು ಊರ ಅಗಸಿ," ಅಂದ.

"ಇದು ಊರ ಅಗಸೀ! ಇದು ಊರ ಅಗಸೀ!" ಅಂದೆ.

"ಇಲ್ಲಿಂದ ಒಳಗ ಹಳೇ ಊರು."

"ಇಲ್ಲಿಂದ ಒಳಗ ಹಳೇ ಊರು! ಇಲ್ಲಿಂದ ಒಳಗ ಹಳೇ ಊರು!"

ಎರಡೆರಡು ಸಲ ಹೇಳುತ್ತಿದ್ದೇನೆ ಎಂಬುದು ನನಗೆ ತಿಳಿದೇ ಇರಲಿಲ್ಲ. ಬಂದವರು ಇದು ಈ ಊರಿನ ಸಂಪ್ರದಾಯ ಎಂದುಕೊಂಡರು. ಬಸದಿ ಮುಟ್ಟುವ ಹೊತ್ತಿಗೆ ನನ್ನ ಜೊತೆ ಅವರೂ ಹೇಳತೊಡಗಿದ್ದರು. ಗುಡಿಯ ಒಳಗೆ ಹೋದಾಗ ಶಂಭುಲಿಂಗಪ್ಪ ಕಂಬದ ಮೇಲೆ ಕೈಯಾಡಿಸಿ, ಮೆಣಸಿನಕಾಯಿ ತೋರಿಸುವವನ ಹಾಗೆ, "ಮಿಂಚ ನೋಡ್ರಿ, ಮಿಂಚ! ಮುಖಾ ಕಾಣತೈತಿ," ಅಂದ. ನಾನು ಕೂಗಿದೆ. ಆಮೇಲೆ ನನ್ನ ಕಡೆ ವಾಲಿ, ಇನ್ನೂ ಮೆಲ್ಲಗೆ, "ಯಕ್ಕಾ, ನಿನ್ನ ಸೆರಗ ಕಲ್ಲಿಗೆ ಸಿಕ್ಕೈತಿ, ಹರದೀತು," ಅಂದ.

"ಯಕ್ಕಾ, ನಿನ್ನ ಸೆರಗ ಕಲ್ಲಿಗೆ ಸಿಕ್ಕೈತಿ! ಹರದೀತು!" ಎಂದು ಗುಡಿ ತುಂಬ ಕೂಗಿದೆ. ಅದೂ ಎರಡು ಸಲ.

ಹೆಣ್ಣುಮಕ್ಕಳೆಲ್ಲ ತಮ್ಮ ತಮ್ಮ ಸೆರಗು ನೋಡಿಕೊಂಡರು. ನಾನೊಬ್ಬಳು ನೋಡಿಕೊಳ್ಳಲಿಲ್ಲ. ಸೆರಗು ಹರಿಯಿತು.

ಇಷ್ಟಾದರೂ ಅಂವ ನನ್ನನ್ನು ಬಿಡಲಿಲ್ಲ. ಐತವಾರ ಐತವಾರ ಅಂವ ಮುಂದ, ನಾನು ಹಿಂದ. ಜನ ಮೊದಲು ಕೇಳುವುದು, ಗಟಾರು ತೋಡುವಾಗ ತಲೆಬುರುಡೆ ಸಿಕ್ಕವಂತಲ್ಲ, ಎಲ್ಲಿ ಎಂದು. ಅಂವ ಅದನ್ನು ಕಡೆಗೆ ಇಟ್ಟುಕೊಳ್ಳುತ್ತಿದ್ದ. "ಛಲೋ ಮಾಲು ಮೊದಲ ತೋರಿಸಿದ್ರ ಉಳದದ್ದನ್ನ ಯಾರ ಕೊಳ್ಳತಾರ?" ಅನ್ನುತ್ತಿದ್ದ. ಒಂದು ಜಾಗ ಮುಗಿದರೆ "ಒಂದ ಸಲ, ಎರಡ ಸಲ, ಮೂರ ಸಲ" ಎಂದು ಕೈ ತಟ್ಟುವನು, ಗುಂಪು ಮುಂದೆ ನಡೆಯುವುದು. ಜಮೀಲಾಬಿ ಮಾತ್ರ, "ನಿನ್ನ ದನಿಗೆ ನನ್ನ ಕೋಳಿ ತತ್ತಿ ಇಡೂದ ಬಿಟ್ಟಾವು," ಎಂದು ದೂರುತ್ತಿದ್ದಳು.

ಅವನ ದನಿ ಇಳಿಯುತ್ತಲೇ ಹೋಯಿತು. ಮೆಣಸಿನಕಾಯಿ ಘಾಟಿನಿಂದ ಎಂದು ಅಂವ, ತಂಬಾಕಿನಿಂದ ಎಂದು ಅನ್ನಪೂರ್ಣಾ. ಜಮೀಲಾಬಿಯ ಅಳಿಯ ಸೊಂಟಕ್ಕೆ ಕಟ್ಟುವ ಮೈಕಿನ ಡಬ್ಬಿ ತಂದುಕೊಟ್ಟ. ಗುಡಿಯೊಳಗೆ ಅದು ಕೀ ಎಂದು ಒದರಿದ್ದಕ್ಕೆ ಬಾವಲಿಗಳೆಲ್ಲ ಎದ್ದು, ಗುಂಪೆಲ್ಲ ಹೊರಗೆ ಓಡಿತು. ಕಡೆಗೆ ಹುಬ್ಬಳ್ಳಿಯ ಡಾಕ್ಟರು ಕೊಳವೆ ಬಿಟ್ಟು ನೋಡಿ, ಗಂಟಲಲ್ಲಿ ಗಂಟು ಬೆಳೆದಿದೆ, ದನಿಯ ಡಬ್ಬಿಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಅಂದರು.

ಅವತ್ತು ನಮ್ಮ ಕಟ್ಟಿಯ ಮೇಲೆ ಬಂದು ಕುಂತ. ಸಾಯುವ ಮಾತೇ ಎತ್ತಲಿಲ್ಲ.

"ಯಕ್ಕಾ, ನಾ ಹೇಳೂದು ನಿಂತ್ರ ಮತ್ತ ಹಿಂದಿನಂಗ ಜನಾ ಬರತಾರ, ಫೋಟೋ ತಗೀತಾರ, ಚಾ ಕೇಳಿ ಹೋಗತಾರ. ಮಾಲು ಹಂಗ ಬೀಳತೈತಿ."

"ನಾ ಅದೀನಲ್ಲ," ಅಂದೆ. ಅಂದುಬಿಟ್ಟೆ ನೋಡಿ. ಹಿಂದಿನ ಸಾಲಿನವಳ ಬಾಯಲ್ಲಿ ಮುಂದಿನ ಸಾಲಿನ ಮಾತು.

ಅವನ ಮುಖದಲ್ಲಿ ಬೆಳಕಾಯಿತು. ಮರುವಾರ ಒಂದು ಪಾಟಿ, ಬಳಪ ತಂದ. ಮುಂದೆ ಹೆಂಗೂ ದನಿ ಇರುವುದಿಲ್ಲ, ಈಗಿನಿಂದಲೇ ತಾನು ಬರೆಯುವುದು, ನಾನು ಓದಿ ಕೂಗುವುದು ಎಂದು ಹಂಚಿಕೆ. ನಾನು ಅಕ್ಷರ ಕಲಿತದ್ದು ಮುದುಕಿಯರ ಸಂಜೆ ಶಾಲೆಯಲ್ಲಿ. ಓದಲಿಕ್ಕೆ ಬರುತ್ತದೆ. ಬಸ್ಸಿನ ಬೋರ್ಡು ಪೂರಾ ಓದುತ್ತೇನೆ, ಅಷ್ಟರಲ್ಲಿ ಬಸ್ಸು ನವಲಗುಂದ ಮುಟ್ಟಿರುತ್ತದೆ. ಬಸದಿಯ ಮುಂದೆ ಅಂವ ಬರೆದು ತೋರಿಸಿದ. ನಾನು ಬೆರಳಿಟ್ಟು, "ಚ... ಪ್ಪ... ಲಿ..." ಎಂದು ಸುರು ಮಾಡಿದೆ. ಗುಂಪು ಕಾದು ಕಾದು ಒಳಗೆ ಹೋಯಿತು, ನೋಡಿತು, ಹೊರಗೆ ಬಂತು. ಆಗ ನನ್ನ ಓದು ಮುಗಿಯಿತು. "ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗ್ರೀ!" ಎಂದು ಕೂಗಿದೆ. ಎಲ್ಲರೂ ತಮ್ಮ ಕಾಲು ನೋಡಿಕೊಂಡರು.

ಪಾಟಿ ಅವತ್ತೇ ಮನೆ ಸೇರಿತು.

ಅದರ ಮುಂದಿನ ಐತವಾರ ಅಂವ ನನ್ನನ್ನು ಅಗಸಿಯಲ್ಲಿ ಮುಂದೆ ನಿಲ್ಲಿಸಿದ. ಗುಂಪಿನ ಹಿಂದೆ ಹೋಗಿ ಕಲ್ಲಿನ ಮೇಲೆ ಕುಂತ. ನನಗೆ ಎಲ್ಲ ಬಾಯಿಪಾಠ. ಯಾವ ಕಲ್ಲಿಗೆ ಯಾವ ಮಾತು, ಎಲ್ಲಿ ಕೆಮ್ಮಬೇಕು ಅನ್ನುವುದು ಸಹ. ಬಾಯಿ ತೆರೆದೆ. ಏನೂ ಬರಲಿಲ್ಲ. ಮುಂದಿನ ಸಾಲು ಯಾರಾದರೂ ಹಿಡಿಯಲಿ ಎಂದು ನನ್ನ ಕಿವಿ ಕಾಯುತ್ತಿತ್ತು. ಜನ ನನ್ನನ್ನು ನೋಡಿದರು, ನಾನು ಜನರನ್ನು ನೋಡಿದೆ. ಬಿಸಿಲು ಏರಿತು. ಏನಾದರೂ ಹೇಳಲೇಬೇಕಲ್ಲ, "ಒಂದ ಸಲ! ಎರಡ ಸಲ! ಮೂರ ಸಲ!" ಎಂದೆ. ಅವರು ಪಾಪ, ಮುಂದೆ ನಡೆದರು. ಹಳೇ ಬಾವಿಯ ಹತ್ತಿರವೂ ಅಷ್ಟೇ. ಬಸದಿಯಲ್ಲೂ ಅಷ್ಟೇ. ಗುಡಿಯಲ್ಲಿ ಒಬ್ಬ ಹಿರಿಯರು ಕೈ ಮುಗಿದು, "ಮೌನವ್ರತ ಏನ್ರಿ ತಾಯಿ?" ಎಂದು ಕೇಳಿದರು.

ಶಂಭುಲಿಂಗಪ್ಪ ಗುಡಿಯ ಮೆಟ್ಟಿಲ ಮೇಲೆ ಕುಂತು ನಕ್ಕ. ನಕ್ಕು ನಕ್ಕು ಕೆಮ್ಮಿದ. ಕೆಮ್ಮು ನಿಂತ ಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ನಗಲಿಲ್ಲ. ಕಂಬಗಳ ಕಡೆ ಒಂದು ಸಲ ನೋಡಿದ.

ಜಮೀಲಾಬಿಯ ಮನೆ ಮುಂದೆ ಚಾ ಕುಡಿಯುತ್ತ ಮೂವರೂ ಕುಂತಿದ್ದೆವು. ಆಗ ದಾರಿಯಲ್ಲಿ ಹೋಗುವವರೊಬ್ಬರು ಗಾಡಿ ನಿಲ್ಲಿಸಿ, "ಅಮ್ಮಾ, ಬನಶಂಕರಿ ಗುಡಿ ಯಾವ ಕಡೆಗ್ರಿ?" ಎಂದು ಕೇಳಿದರು. ನಾನು ಹೇಳಿದೆ. ಹೇಳುತ್ತ ಎದ್ದು ನಿಂತೆ. ಎಡಕ್ಕೆ ಹೊರಳುವ ಮೂಲೆ, ಮೂಲೆಯಲ್ಲಿ ಹೂತ ವೀರಗಲ್ಲು, ಅದರ ಮೇಲೆ ಕುದುರೆ ಹತ್ತಿದವನು ಯಾರು ಎಂಬುದು ಎರಡನೇ ನಂಬರ ಮಾತು, ಕುದುರೆಯ ಒಂದು ಕಾಲು ಮುರಿದದ್ದು ನಮ್ಮ ಎಮ್ಮೆ ತಿಕ್ಕಿಕೊಂಡದ್ದಕ್ಕೆ ಅನ್ನುವುದು ಒಂದನೇ ನಂಬರ ಮಾತು. ಎಲ್ಲ ಹೇಳಿದೆ. ಅವರು ಗಾಡಿ ಬಂದ್ ಮಾಡಿ, ಇಳಿದು ಕೇಳಿದರು. ಅವರು ಹೋದ ಮೇಲೆ ಜಮೀಲಾಬಿ ಬಸಿ ಕೆಳಗಿಟ್ಟಳು.

"ಭಾಯಿಸಾಬ, ನೀವು ಶಾಣ್ಯಾ ಅದೀರಿ, ಆದ್ರ ಈ ಮುದುಕಿ ನಿಮಗ ಗೊತ್ತಿಲ್ಲ," ಅಂದಳು. "ಹೇಳು ಅಂದ್ರ ಹೇಳೂ ಪೈಕಿ ಅಲ್ಲ ಇಕಿ. ಕೇಳಬೇಕು. ಕೇಳಿದ್ರ ಸಾಕು, ಆಮ್ಯಾಲ ಬಾಯಿ ಮುಚ್ಚಸಾಕ ಪೊಲೀಸ್ರು ಬರಬೇಕು. ನಾ ಎದರಮನ್ಯಾಗ ಇದ್ದು ಅನುಭೋಗಸಾಕತ್ತೀನಿ."

ಶಂಭುಲಿಂಗಪ್ಪ ತನ್ನ ಬಸಿಯ ಚಾ ಮುಗಿಸಿದ. ಆಮೇಲೆ ನನ್ನನ್ನು, ಹೊಸ ರಾಶಿ ಬಂದಾಗ ನೋಡುವ ಹಾಗೆ ನೋಡಿದ.

ಹುಬ್ಬಳ್ಳಿಗೆ ಹೋಗುವ ಹಿಂದಿನ ದಿನ ಊಟ ಮಾಡಿ ಅಡ್ಡಾಗಿದ್ದೆ. ಅನ್ನಪೂರ್ಣಾ ಬಂದು, "ಯಕ್ಕಾ, ಅಗಸಿಗೆ ಬರಬೇಕಂತ ನೀನು," ಎಂದು ಕರೆದಳು. ನಾಳೆ ಆಪರೇಷನ್ನು, ಒಂದು ಮಾತೂ ಆಡಬ್ಯಾಡ್ರಿ ಅಂದಾರ ಡಾಕ್ಟರು, ಆದ್ರೂ ಹಟಾ ಮಾಡಿ ನಿಂತಾರ, ಎಂದು ದಾರಿಯುದ್ದಕ್ಕೂ ಹೇಳಿದಳು. ಜಮೀಲಾಬಿಯೂ ಆಡು ಕಟ್ಟಿ ಬಂದಳು.

ಅಂವ ಅಗಸಿಯ ಹೊರಗೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ. ಅಗದಿ ಪರಊರಿನವನ ಹಾಗೆ. ನನ್ನನ್ನು ಕಂಡರೂ ಗುರುತಿನ ನಗೆ ನಗಲಿಲ್ಲ. ಹುಟ್ಟಿದಾಗಿನಿಂದ ಕಂಡ ಅಗಸಿಯನ್ನು ಕೆಳಗಿನಿಂದ ಮೇಲಿನ ತನಕ, ಇವತ್ತೇ ಬಸ್ಸಿನಿಂದ ಇಳಿದವನ ಹಾಗೆ ಬೆರಗಾಗಿ ನೋಡಿದ.

"ಮಾತಾಡಬ್ಯಾಡ್ರಿ ಅಂತ ಎಷ್ಟ ಸಲಾ ಹೇಳ್ಲಿ," ಎಂದು ಅನ್ನಪೂರ್ಣಾ ಅವನ ತೋಳು ಹಿಡಿದಳು. ಅಂವ ಒಂದು ಬೆರಳು ಎತ್ತಿ ತೋರಿಸಿದ. ಒಂದೇ ಮಾತು ಎಂದು.

ಆ ಒಂದು ಮಾತಿಗೆ ನಾನು ಕೊಟ್ಟ ಜವಾಬು ಹೊತ್ತು ಇಳಿಯುವ ತನಕ ಮುಗಿಯಲಿಲ್ಲ. ಅಗಸಿ, ಬಾವಿ, ಬಸದಿ, ಕರೀ ಕಲ್ಲಿನ ಕಂಬ, ಎಲ್ಲ ಒಂದೊಂದೇ ಸಲ ಹೇಳಿದೆ. ಆನೆಗಳನ್ನು ಹೊಟ್ಟಿನಲ್ಲೇ ಬಿಟ್ಟೆ. ನಮ್ಮ ಎಮ್ಮೆಯನ್ನು ಬಿಡಲಾಗಲಿಲ್ಲ. ಗಟಾರಿನ ಬುರುಡೆ ಕಡೆಗೆ. ಅನ್ನಪೂರ್ಣಾ ಈ ಊರಿಗೆ ಸೊಸೆಯಾಗಿ ಬಂದು ಮೊದಲನೇ ಸಲ ಊರು ನೋಡಿದೆ ಅಂದಳು. ಜಮೀಲಾಬಿ ನಡುವೆ ಎರಡು ಸಲ ಆಕಳಿಸಿದಳು. ಅಂವ ಹಿಂದೆ ಹಿಂದೆ, ಕೈಕಟ್ಟಿ, ತಲೆಯಾಡಿಸುತ್ತ ಬಂದ.

ಆಪರೇಷನ್ನು ಮುಗಿದು ಊರಿಗೆ ಬಂದಿದ್ದಾನೆ. ಕೊರಳಲ್ಲಿ ತೂತು, ಅದರ ಮೇಲೆ ಬಿಳಿ ಅರಿವೆ. ಐತವಾರಕ್ಕೊಮ್ಮೆ ಬಡಿಗೆ ಹಿಡಿದು ಗುಂಪಿನ ಹಿಂದೆ ಬರುತ್ತಾನೆ. ನಾನು ಹೊಟ್ಟನ್ನು ಒಂದನೇ ನಂಬರು ಎಂದು ಮಾರಲಿಕ್ಕೆ ಹೋದರೆ ಬಡಿಗೆ ಕುಟ್ಟುತ್ತಾನೆ. ಒಂದು ಜಾಗ ಮುಗಿಯಿತು ಎಂದರೂ ಮೂರು ಸಲ ಕುಟ್ಟುತ್ತಾನೆ. ಎಷ್ಟೋ ಸಲ ಅದು ಮುಗಿದದ್ದಕ್ಕೋ, ನಾನು ನಿಲ್ಲಿಸಲಿ ಎಂದೋ ತಿಳಿಯುವುದಿಲ್ಲ. ಅಗಸಿಯಲ್ಲಿ ಜನ ಬಂದು ನಿಂತಾಗ ನನ್ನ ಬಾಯಿ ಈಗಲೂ ಮೊದಲು ಒಣಗುತ್ತದೆ. ಆಗ ಅವತ್ತು ಅಂವ ತನ್ನ ದನಿಯಲ್ಲಿ ಕೇಳಿದ ಕಡೇ ಮಾತನ್ನು ಇನ್ನೊಂದು ಸಲ ಕೇಳಿಸಿಕೊಳ್ಳುತ್ತೇನೆ. ಯಾವಾಗಲೂ ಏನಬೇ ಎನ್ನುತ್ತಿದ್ದವನು ಅವತ್ತು ಬಾಟಲಿ ಕೆಳಗಿಟ್ಟು, ಕೈ ಮುಗಿದು ಕೇಳಿದ್ದು:

"ನಮಸ್ಕಾರ್ರೀ ಅಮ್ಮಾರ. ನಾವು ದೂರದಿಂದ ಬಂದೇವಿ. ನಿಮ್ಮ ಊರು ತೋರಸ್ತೀರೇನ್ರಿ?"